ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಜೂನ್ 27, ಶುಕ್ರವಾರ

ಇವರ ತೋಳಿಗೆ ಸೆನ್ಸರ್ ಬಂತು. ಅಂಗಿಯ ದೊಡ್ಡ ಗುಂಡಿಯಷ್ಟಿದೆ. ಆಸ್ಪತ್ರೆಯವರ ಸ್ಟಡಿಯಂತೆ — ಮೈಯ ಶುಗರ್ ಹೊತ್ತು ಹೊತ್ತಿಗೂ ಫೋನಿಗೆ ಬರುತ್ತದೆ, ಅದನ್ನು ನೋಡಿ ರಾತ್ರಿಯ ಇನ್ಸುಲಿನ್ ಎಷ್ಟು ಅಂತ ಕಂಪ್ಯೂಟರ್ ಹೇಳುತ್ತದೆ. ಇವರೋ ಫೋನನ್ನು ಕಿವಿಗೆ ಬಿಟ್ಟರೆ ಬೇರೆಲ್ಲಿಗೂ ತಾಗಿಸುವವರಲ್ಲ. ಜೇಬಿನಲ್ಲಿದ್ದರೆ ಸಾಕು, ಉಳಿದದ್ದು ನನ್ನ ಫೋನಿಂದ ನಾನು ನೋಡುತ್ತೇನೆ ಅಂದೆ.

ಆ್ಯಪ್ ಪೇಶಂಟಿನ ಹೆಸರು ಕೇಳಿತು. ಮದುವೆಯಾದಂದಿನಿಂದ ಬಾಯಲ್ಲಿ ಹೇಳದ ಹೆಸರು. ಬೆರಳಲ್ಲಿ ಹೊಡೆದೆ — ಕೃಷ್ಣಪ್ರಸಾದ. ದೋಷ ಬಂದರೆ ಬೆರಳಿಗೆ ಬರಲಿ. ಅನಸೂಯ ಅಂತ ನನ್ನ ಹೆಸರು ಹಾಕಿದರೆ ಪಕ್ಕದಲ್ಲಿ 'ಫಾಲೋವರ್' ಅಂತ ಬಂತು. ಹೊಸದೇನಲ್ಲ.

ಸ್ಟಡಿಯ ಹುಡುಗಿ ಚಿನ್ಮಯಿ. ವೇಲಚೇರಿಯಿಂದ ಬರುತ್ತಾಳೆ, ಅಪ್ಪ ರೈಲ್ವೆಯಲ್ಲಿದ್ದವರು, ಮೂಲ ಮೈಸೂರು. ಹುಟ್ಟಿದ್ದು ಬೆಳೆದದ್ದು ಇಲ್ಲೇ, ತಮಿಳಿನ ನಡುವೆ. “ಆಂಟಿ, ಅಂಕಲ್ ಏನ್ ತಿಂದ್ರೂ ಇದ್ರಲ್ಲಿ ಹಾಕ್ಬಿಡಿ. ಒಂದು ಬಿಸ್ಕೆಟ್ ಆದ್ರೂ ಸರಿ. ಮರಕ್ಕಾದೀಂಗ — ಅಯ್ಯೋ, ಮರೀಬೇಡಿ.”

ಜೂನ್ 30

ಮಜಾ ಉಂಟು ಇದು. ಸಂಜೆ ನಾಲ್ಕಕ್ಕೆ ಇದ್ದಕ್ಕಿದ್ದಂತೆ 214. ನಮ್ಮ ಹೋಟೆಲಿಗೆ ಇವರಿಗೆ ಫೋನ್ ಮಾಡಿದೆ.

“ಬೋಂಡಾ ತಿಂದ್ರಾ?”

“ಯಾರು ಹೇಳಿದ್ದು? ಕಿಟ್ಟುವಾ?”

“ನಿಮ್ಮ ತೋಳು.”

ಲೈನ್ ಕಟ್. ಪಾಪ, ಅಡುಗೆಯ ಕಿಟ್ಟುವಿಗೆ ಎರಡು ಬೈಗುಳ ಬಿದ್ದಿರಬೇಕು. ಬೋಂಡಾ ಆ್ಯಪ್‌ಗೆ ಹಾಕಿದೆ.

ಜುಲೈ 3

ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಜಾಸ್ತಿ ಅಂತ ಆ್ಯಪ್‌ನ ತಕರಾರು. ಇನ್ಸುಲಿನ್ ಎರಡು ಯೂನಿಟ್ ಹೆಚ್ಚಿಸಿತು. ಇವರು ಬಾಯಿಗೆ ಏನಾದರೂ ಹಾಕುವುದೇ ಎಂಟರ ಮೇಲೆ. ಎರಡು ಇಡ್ಲಿ, ಚಟ್ನಿ. ಅದನ್ನೇ ದಿನಾ ಹಾಕುತ್ತೇನೆ. ಮತ್ತೆ ಶುಗರ್ ಎಲ್ಲಿಂದ ಏರುತ್ತದೆ ದೇವರೇ ಬಲ್ಲ.

ಮಧ್ಯಾಹ್ನ ಕಿಟ್ಟು ಕರಿಬೇವು ಕೇಳಲು ಬಂದವನು ಗೊಣಗಿದ. ಇವತ್ತು ಕೇಸರಿಬಾತ್ ಮೂರು ಸಲ ಒಲೆಗೆ ವಾಪಸ್ ಹೋಯಿತಂತೆ. “ಯಜಮಾನ್ರ ನಾಲಗೆ ಅಲ್ಲ ಅಕ್ಕ, ಕೋರ್ಟು ಅದು.” ಇವರ ಅಪ್ಪನ ಕಾಲದ ಕ್ರಮ. ಬಾಗಿಲು ತೆಗೆಯುವ ಮುಂಚೆ ಸಾಂಬಾರ್, ಚಟ್ನಿ, ಪೊಂಗಲ್, ಕೇಸರಿಬಾತ್, ಎಲ್ಲ ಯಜಮಾನರ ಅಂಗೈಗೆ ಬರಬೇಕು. ಕೊನೆಗೆ ಸಣ್ಣ ಲೋಟದಲ್ಲಿ ಕಾಫಿ. ಇವರು ಹೂಂ ಅಂದ ಮೇಲೆಯೇ ಗಿರಾಕಿಗೆ. ಅಣ್ಣಾ ನಗರದಲ್ಲಿ ಹತ್ತಾರು ಹೋಟೆಲ್ ಬಂದು ಹೋದವು, ನಮ್ಮದು ನಿಂತದ್ದು ಆ ಹೂಂಕಾರದಿಂದ ಅಂತ ಇವರ ನಂಬಿಕೆ. ನನಗೂ ಹಾಗೇ ಅನಿಸುತ್ತದೆ, ಎದುರಿಗೆ ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಜುಲೈ 6, ಪ್ರಥಮೈಕಾದಶಿ

ನಿರ್ಜಲ ಉಪವಾಸ. ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದರು. ಶುಗರ್ ದಿನವಿಡೀ ಸಾಧು. ಸಂಜೆ 91. ನೋಡಿ, ದೇವರ ಔಷಧಿ ಅಂತ ಮೀಸೆ ತಿರುವಿದರು.

ಆ್ಯಪ್‌ಗೆ ಏಕಾದಶಿ ಗೊತ್ತಿಲ್ಲ. 'ಲಂಚ್ ಹಾಕಲು ಮರೆತಿದ್ದೀರಾ?' ಅಂತ ನಾಲ್ಕು ಸಲ ಕೇಳಿತು. ಮರೆತದ್ದಲ್ಲ ಮಾರಾಯಾ, ಬಿಟ್ಟದ್ದು. ಹೇಳಲು ಅದರಲ್ಲಿ ಜಾಗವಿಲ್ಲ.

ಜುಲೈ 14

ಮತ್ತೆ ಎರಡು ಯೂನಿಟ್. ಶುರುವಿನಿಂದ ಎಷ್ಟಾಯಿತು ಅಂತ ನೋಡಿದರೆ ಸ್ವಲ್ಪ ಗಾಬರಿ. ಚಿನ್ಮಯಿಗೆ ಫೋನ್ ಮಾಡಿದೆ. ಡಾಕ್ಟರೂ ನೋಡಿದ್ದಾರಂತೆ, ನಿಧಾನವಾಗಿಯೇ ಏರಿಸುತ್ತಿದೆಯಂತೆ. ಸರಿ.

ಮೊದಲೆಲ್ಲ ಇವರು ಬಾಗಿಲಿಗೆ ಬಂದಾಗ ಮುಖ ನೋಡಿ ಹೇಳುತ್ತಿದ್ದೆ — ಇವತ್ತು ಸುಸ್ತು, ಇವತ್ತು ಸಿಟ್ಟು, ಇವತ್ತು ಯಾರಿಗೂ ತಿಳಿಯದಂತೆ ಜಾಮೂನು. ಈಗ ಮುಖ ನೋಡುವ ಮುಂಚೆ ಫೋನ್ ನೋಡುತ್ತೇನೆ. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತಿಲ್ಲ. ಅಭ್ಯಾಸವಂತೂ ಆಗಿದೆ.

ಜುಲೈ 21, ಸೋಮವಾರ, ಸಂಜೆ — ಆಸ್ಪತ್ರೆ

ಇವರ ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ.

ಇವತ್ತೂ ಏಕಾದಶಿ. ನಿನ್ನೆ ರಾತ್ರಿ ಆ್ಯಪ್ ಹೇಳಿದಷ್ಟೇ ಇನ್ಸುಲಿನ್ ಕೊಟ್ಟಿದ್ದೆ. ಹನ್ನೊಂದರ ಹೊತ್ತಿಗೆ ಫೋನ್ ಕಿರುಚಿತು. ತಿಂದದ್ದು ಹಾಕು ಅನ್ನುವ ಏಕಾದಶಿಯ ಕಾಟ ಅಂತ ಬಟ್ಟೆ ಹರವುತ್ತಲೇ ಇದ್ದೆ. ಎರಡನೇ ಸಲ ನೋಡಿದೆ. 54. ಪಕ್ಕದ ಬಾಣ ಕೆಳಗೆ, ಇನ್ನೂ ಇಳಿಯುತ್ತಿದೆ.

ಹೋಟೆಲ್ ಎರಡು ಬೀದಿ ಆಚೆ. ಹವಾಯಿ ಚಪ್ಪಲಿಯಲ್ಲೇ ಓಡಿದೆ. ಇವರು ಕ್ಯಾಶಿನಲ್ಲಿ ಕೂತಿದ್ದರು. ಅಂಗಿಯೆಲ್ಲ ಒದ್ದೆ. ಸಾಂಬಾರಿಗೆ ಉಪ್ಪು ಹಾಕಿದ್ಯಾ, ಉಪ್ಪು ಹಾಕಿದ್ಯಾ ಅಂತ ಅದೇ ಮಾತು. ಕಿಟ್ಟು ಅಳುವಂತಾಗಿದ್ದ. “ಉಪವಾಸದ ಸುಸ್ತು ಅಂದ್ಕೊಂಡೆ ಅಕ್ಕ...”

ಸಕ್ಕರೆ ನೀರು ಕಲಸಿ ಬಾಯಿಗೆ ಹಿಡಿದೆ. ತುಟಿ ಬಿಗಿದರು. ಬುದ್ಧಿ ಅಷ್ಟು ಕದಡಿದ್ದರೂ ಅದೊಂದು ನೆನಪಿತ್ತು. “ಏಕಾದಶಿ,” ಅಂದರು ಹಲ್ಲಿನ ಸಂದಿಯಿಂದ. ಕಾಲಿಗೆ ಬಿದ್ದೆ. ಬೈದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು ಕೂಗಿದೆ. ಬಾಯಿ ತೆಗೆಯಲಿಲ್ಲ. ಹಾಗೇ ವಾಲಿದರು.

ಆಂಬ್ಯುಲೆನ್ಸಿನಲ್ಲಿ ಗ್ಲೂಕೋಸ್ ಏರಿಸಿದರು. ಈಗ ನಿದ್ದೆ. 128. ಬಾಣ ನೇರ. ನಾನು ಕಣ್ಣು ಮಿಟುಕಿಸದೆ ಅದನ್ನೇ...

ಜುಲೈ 22

ಎಚ್ಚರವಾದ ಕೂಡಲೇ ಮೊದಲ ಪ್ರಶ್ನೆ, “ಬಾಯಿಂದ ಏನಾದರೂ ಹೋಯ್ತಾ?” ಇಲ್ಲ, ನರದಿಂದ ಹೋದದ್ದು ಅಂದೆ. “ಹಾಗಾದ್ರೆ ಉಪವಾಸ ಮುರಿದಿಲ್ಲ.” ಸಮಾಧಾನದಿಂದ ಕಣ್ಣು ಮುಚ್ಚಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಗು ಬಂತು, ಆಮೇಲೆ ಹೊರಗೆ ಹೋಗಿ ಅತ್ತೆ.

ಚಿನ್ಮಯಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಮುಖ ಬಾಡಿತ್ತು. ಇಡೀ ತಿಂಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಳು. ದಿನಾ ಬೆಳಗ್ಗೆ ಐದರಿಂದ ಗೆರೆ ಗುಡ್ಡ ಹತ್ತುತ್ತದೆ. ಎರಡು ದಿನ ಮಾತ್ರ ಚಪ್ಪಟೆ.

“ಆರನೇ ತಾರೀಕು, ಇಪ್ಪತ್ತೊಂದನೇ ತಾರೀಕು. ಆ ಎರಡು ದಿನ ಏನ್ ಸ್ಪೆಷಲ್ ಆಂಟಿ?”

“ಏಕಾದಶಿ.”

“ಮತ್ತೆ ಬೇರೆ ದಿನ ಐದು ಗಂಟೆಗೆ ಅಂಕಲ್ ಏನ್ ಸಾಪಡ್ತಾರೆ... ತಿಂತಾರೆ?”

“ಎಂಟರವರೆಗೆ ಎಂತದೂ ಇಲ್ಲ,” ಅಂದರು ಇವರು. ನಾನೂ ಇಲ್ಲ ಅಂದೆ. ಅಂದ ಮೇಲೆ ಕಿಟ್ಟುವಿನ ಗೊಣಗಾಟ ನೆನಪಾಯಿತು. ಅಂಗೈ. ಕೇಸರಿಬಾತ್. ಮೂರು ಸಲ.

“ರುಚಿ ನೋಡ್ತಾರೆ,” ಅಂದೆ.

“ಅದು ಊಟವಾ?” ಇವರಿಗೆ ಸಿಟ್ಟು. “ರುಚಿ ನೋಡೋದು ಕೆಲಸ. ಅದನ್ನೂ ಊಟ ಅಂದ್ರೆ ಅಡುಗೆಯವ ಬದುಕೋದು ಹೇಗೆ?”

“ಊಟ ಅಲ್ಲ ಅಂತಾದ್ರೆ ಏಕಾದಶಿಗೆ ಯಾಕೆ ನೋಡೋದಿಲ್ಲ? ಅವತ್ತು ಕಿಟ್ಟುವಿಗೆ ಯಾಕೆ ಬಿಡ್ತೀರಿ?”

ಇವರು ಗೋಡೆ ಕಡೆ ತಿರುಗಿದರು.

ಎಂಟಕ್ಕೆ ಟಿಫಿನ್ ಅಂತ ನಾನು ಹಾಕಿದ್ದರಿಂದ ಅದಕ್ಕೆ ಮುಂಚಿನದ್ದೆಲ್ಲ ಖಾಲಿ ಹೊಟ್ಟೆ ಅಂತ ಕಂಪ್ಯೂಟರ್ ತಿಳಿದುಕೊಂಡಿತಂತೆ. ಆ ಗುಡ್ಡ ಇಳಿಸಲು ಔಷಧಿ ಏರಿಸುತ್ತಾ ಹೋಯಿತು. ನಿಜವಾಗಿ ಹೊಟ್ಟೆ ಖಾಲಿ ಇದ್ದ ದಿನ ಅಷ್ಟೂ ಔಷಧಿ ಇವರ ಮೇಲೆಯೇ ಬಿತ್ತು. ಸುಳ್ಳು ಯಾರೂ ಹೇಳಿರಲಿಲ್ಲ. “ನಾವೂ ಕೇಳ್ಲಿಲ್ಲ ಆಂಟಿ,” ಅಂದಳು ಚಿನ್ಮಯಿ. ತಲೆ ಎತ್ತದೆ.

ಜುಲೈ 25

ಡಾಕ್ಟರು ಇನ್ಸುಲಿನ್ ಇಳಿಸಿದರು. ಎರಡು ಷರತ್ತು. ರುಚಿ ನೋಡಿದ್ದನ್ನೂ ಬರೆಯಬೇಕು. ಶುಗರ್ ಇಳಿದರೆ ಏಕಾದಶಿಯಾದರೂ ತಿನ್ನಬೇಕು.

ಮನೆಗೆ ಬಂದ ಕೂಡಲೇ ಇವರು ಸೆನ್ಸರ್ ಕಿತ್ತು ಕಸದ ಬುಟ್ಟಿಗೆ ಎಸೆದರು. “ನನ್ನ ನಾಲಗೆ ಲೆಕ್ಕ ಮಿಷನ್‌ಗೆ ಯಾಕೆ ಕೊಡ್ಬೇಕು?”

ಫೋನಿನಲ್ಲಿ ಸಂಖ್ಯೆ ಇದ್ದ ಜಾಗದಲ್ಲಿ ಎರಡು ಅಡ್ಡಗೆರೆ.

ಜುಲೈ 30

ಅಡ್ಡಗೆರೆ. ಇವರು ಹೋಟೆಲಿಗೆ ಹೋದರೆ ಕಿಟ್ಟುವಿಗೆ ಗಂಟೆಗೊಂದು ಫೋನ್. ಪಾಪ, ದೋಸೆ ಹೊಯ್ಯುತ್ತಾ “ಸರಿ ಇದ್ದಾರೆ ಅಕ್ಕ” ಅನ್ನುತ್ತಾನೆ. ಇವರ ಹತ್ತಿರ ಮಾತು ಬಿಟ್ಟಿದ್ದೇನೆ. ಊಟ ಬಡಿಸುತ್ತೇನೆ, ಅಷ್ಟೆ.

ರಾತ್ರಿ ಊಟಕ್ಕೆ ಕೂತು ಕೇಳಿದರು, “ಎಷ್ಟು ದಿನ ಇದು?”

“ನಿಮ್ಮ ನಾಲಗೆ ದೊಡ್ಡದು. ನನ್ನ ಹೆದರಿಕೆ ಸಣ್ಣದು,” ಅಂದೆ. “ನೀವು ತುಟಿ ಬಿಗಿದು ಕೂತಾಗ ನಾನು ಅಲ್ಲೇ ಇದ್ದೆ. ಅದನ್ನ ಇನ್ನೊಮ್ಮೆ ನೋಡೋದಕ್ಕೆ ನನ್ನಿಂದ ಆಗೋದಿಲ್ಲ.”

ಅನ್ನ ಕಲಸಿದ ಕೈ ಹಾಗೇ ನಿಂತಿತು.

ಆಗಸ್ಟ್ 1

ಸಂಜೆ ಫೋನ್ ಟಿಂಗ್ ಅಂತು. 143. ಕಣ್ಣುಜ್ಜಿ ನೋಡಿ ಚಿನ್ಮಯಿಗೆ ಫೋನ್ ಮಾಡಿದೆ. ತಾವೇ ಆಸ್ಪತ್ರೆಗೆ ಹೋಗಿ ಹೊಸ ಸೆನ್ಸರ್ ಹಾಕಿಸಿಕೊಂಡಿದ್ದಾರೆ. ತಿಂದದ್ದನ್ನು ಇವರ ಫೋನಿನಲ್ಲೇ ಬರೆಯುವುದನ್ನೂ ಅವಳು ಕಲಿಸಿದಳಂತೆ. ಆ್ಯಪ್‌ನಲ್ಲಿ ಈಗ 'ರುಚಿ' ಅಂತ ಒಂದು ಗುಂಡಿ, 'ಉಪವಾಸ' ಅಂತ ಇನ್ನೊಂದು. ಬೇರೆ ಪೇಶಂಟುಗಳಿಗೂ ಬೇಕಾಗುತ್ತದಂತೆ. ಇವರು ಮನೆಗೆ ಬಂದಾಗ ಸಾರಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದೆ.

ಆಗಸ್ಟ್ 5, ಏಕಾದಶಿ

ಬೆಳಗ್ಗೆ ಹೊರಡುವಾಗ ಬಾಳೆಹಣ್ಣು ಜೇಬಿಗೆ ಹಾಕಲು ಹೋದೆ. ಬೇಡ ಅಂದರು. ಏಕಾದಶಿ ದಿನ ನಂಗೆ ಜಗಳ ಬೇಡ ಅಂದರು. ಚೀಲದಲ್ಲಿ ಹಾಕಿ, ಕರಿಬೇವಿಗೆ ಬಂದಿದ್ದ ಕಿಟ್ಟು ಕೈಗೆ ಕೊಟ್ಟು ಕಳಿಸಿದೆ. ಡೋಸ್ ಕಡಿಮೆ ಮಾಡಿದ್ದಾರೆ, ಏನೂ ಆಗಲಿಕ್ಕಿಲ್ಲ. ಆದರೂ ಫೋನ್ ಎದುರಿಗೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

92.

84.

77. ಬಾಣ ಓರೆಯಾಗಿ ಕೆಳಗೆ. ಇವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕಿಟ್ಟುವಿಗೆ ಮಾಡಿದೆ. “ದೇವರ ಪಟದ ಎದುರು ನಿಂತಿದ್ದಾರೆ ಅಕ್ಕ. ಮಾತಾಡ್ಲಿಕ್ಕೆ ಹೆದರಿಕೆ ಆಗ್ತದೆ.”

70. ಚಪ್ಪಲಿ ಹಾಕಿದೆ. ಬಾಗಿಲು ತೆಗೆದೆ.

ಟಿಂಗ್. ಆ್ಯಪ್‌ನಲ್ಲಿ ಹೊಸ ಎಂಟ್ರಿ. ನಾನು ಹಾಕಿದ್ದಲ್ಲ. ಕನ್ನಡದಲ್ಲಿದೆ, ಒಂದೊಂದೇ ಅಕ್ಷರ ಹುಡುಕಿ ಹೊಡೆದಂತಿದೆ.

'ಬಾಳೆಹಣ್ಣು ಒಂದು. ರುಚಿ ನೋಡಿದ್ದಲ್ಲ. ತಿಂದದ್ದು. ಅನಸೂಯಳಿಗೆ ತಿಳಿಸಿ.'

ಅದನ್ನು ನಾನೇ ಓದುವುದು ಅಂತ ಈ ಮನುಷ್ಯನಿಗೆ ಇನ್ನೂ ಗೊತ್ತಿಲ್ಲ. ಬಾಗಿಲಲ್ಲೇ ಕೂತಿದ್ದೇನೆ. ಕಣ್ಣು ಮಂಜು ಮಂಜು, ಸಂಖ್ಯೆ ಸರಿಯಾಗಿ ಕಾಣುತ್ತಿಲ್ಲ. 73. ಬಾಣ ಮೇಲಕ್ಕೆ. 79. ಎಂಬತ್ತ...