ವಸ್ತಾದನ ಕೈ

ಬಂಕಾಪುರ,
ಆದಿತ್ಯವಾರ, ತಾ. ೧೨-೩-೧೯೪೪

ಚಿರಂಜೀವಿ ಕುಬೇರನಿಗೆ ನಿನ್ನ ಅಪ್ಪ ಮಹಾಲಿಂಗಪ್ಪನ ಆಶೀರ್ವಾದ.

ಮೈಯಲ್ಲಿ ಆರಾಮ ಇದ್ದೀಯಾ? ಹೋದ ತಿಂಗಳ ಕಾಗದದಲ್ಲಿ ನೀನು ಎಡ ಮೊಣಕಾಲು ಹಿಡಿದುಕೊಂಡಿದೆ ಎಂದು ಬರೆದಿದ್ದೆ, ಈಗ ಹೇಗಿದೆ? ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ನಾಲ್ಕು ದಿನ ಬೈಠಕು ಹೊಡೆಯುವುದನ್ನು ಬಿಡು. ಕೊಲ್ಹಾಪುರದ ನಿಮ್ಮ ತಾಲೀಮಿನಲ್ಲಿ ಯಾರಾದರೂ ಎಳೆದು ಸರಿಮಾಡುತ್ತೇನೆಂದು ಬಂದರೆ ಕಾಲು ಕೊಡಬೇಡ, ಕಲಿತ ಡಾಕ್ಟರನಿಗೇ ತೋರಿಸು. ಸುತ್ತ ಹತ್ತು ಹಳ್ಳಿಯವರ ಉಳುಕು ತೆಗೆದ ನಿನ್ನ ಅಪ್ಪ ಹೀಗೆ ಬರೆಯುತ್ತಾನಲ್ಲ ಎಂದು ನಿನಗೆ ನಗು ಬಂದೀತು. ನಗು, ಆದರೆ ಹೇಳಿದಷ್ಟು ಮಾಡು. ನಿನ್ನ ಅವ್ವನ ಕೆಮ್ಮು ಬಿಸಿಲು ಬಿದ್ದ ಮೇಲೆ ಕಡಿಮೆಯಾಗಿದೆ. ಬೂದು ಎಮ್ಮೆ ಈದಿದೆ, ಹೆಣ್ಣುಗರು. ಗಿಣ್ಣ ಕಾಯಿಸಿದ ದಿನ ನಿನ್ನ ಹೆಸರು ಹಿಡಿದು ಅತ್ತಳು. ಮಗನಿಗೆ ಹಾಲು ಮುಟ್ಟದ ಎಮ್ಮೆ ಯಾತಕ್ಕೆ ಬೇಕು ಎನ್ನುತ್ತಾಳೆ.

ಇನ್ನು ನಿನ್ನ ಕಾರ್ಡಿನ ಮಾತು. ಮೆಣಸಿನಕಾಯಿ ಹೇರಿಕೊಂಡು ಕೊಲ್ಹಾಪುರಕ್ಕೆ ಬಂದಿದ್ದ ನಿಯಾಜ ನಿನಗೆ ಖಲಂದರನ ಸುದ್ದಿ ಮುಟ್ಟಿಸಿದನೆಂದು ತಿಳಿಯಿತು. ನಾನೇ ಮೊದಲು ಬರೆಯಬೇಕಾಗಿತ್ತು. ಮೂರು ಸಲ ಕಾಗದ ಹಿಡಿದು ಕುಳಿತೆ, ಮೂರು ಸಲವೂ ಎದ್ದುಬಿಟ್ಟೆ. ನೀನೋ ಟಪಾಲಿನವನಿಂದ ಹಿಡಿದು ಊರೆಲ್ಲ ಓದುವಂತೆ, "ಯುಗಾದಿಗೆ ಬರ್ತೇನಿ, ಸವಣೂರ ಗುದ್ಲೆಪ್ಪನ ಕುತ್ತಿಗಿ ಮುರೀದ ಹೊಳ್ಳಿ ಹೋಗೂದಿಲ್ಲ" ಎಂದು ಬರೆದಿದ್ದೀಯ. ಖಲಂದರ ನಿನ್ನ ಜೀವದ ಗೆಳೆಯ. ಒಂದೇ ದಿನ ನನ್ನ ಗರಡಿಯ ಮಣ್ಣು ಹಣೆಗೆ ಹಚ್ಚಿಕೊಂಡವರು ನೀವಿಬ್ಬರು. ನಿನ್ನ ಸಿಟ್ಟು ನನಗೆ ತಿಳಿಯದೆ ಇಲ್ಲ. ಆದರೆ ಗುದ್ಲೆಪ್ಪನ ಮೈ ಮುಟ್ಟುವ ಮಾತು ಬಿಟ್ಟು, ಈ ಕಾಗದವನ್ನು ಕೊನೆಯ ಅಕ್ಷರದವರೆಗೆ ಓದು. ನಿಯಾಜ ಕುಸ್ತಿ ನೋಡಿದವನಲ್ಲ, ಪೇಟೆಯಲ್ಲಿ ಕೇಳಿದ್ದನ್ನು ಹೇಳಿದ್ದಾನೆ.

ಶಿವರಾತ್ರಿ ಮುಗಿದ ಮೊದಲ ಶನಿವಾರ, ಆದಿತ್ಯವಾರ ನಮ್ಮ ಗರಡಿಯ ಆಟಗಳು ಎಂದಿನಂತೆ ನಡೆದವು. ನಿನ್ನ ಅಕ್ಕ ಸರೋಜವ್ವ ಗಂಡ ಮಕ್ಕಳನ್ನು ಕಟ್ಟಿಕೊಂಡು ತಿಳವಳ್ಳಿಯಿಂದ ಶುಕ್ರವಾರವೇ ಚಕ್ಕಡಿಯಲ್ಲಿ ಬಂದಳು. ಹವೆ ಎಷ್ಟು ಚಂದ ಇತ್ತೆಂದರೆ, ಮುಂಜಾನೆ ಕಂಬಳಿ ಬಿಡಲಾಗದ ಚಳಿ, ಹೊತ್ತೇರಿದರೆ ಅಂಗಿ ಬಿಚ್ಚಿಸುವ ಬಿಸಿಲು. ಕೋಟೆಯ ಕಂದಕದ ದಂಡೆಯಲ್ಲಿ ಬೇವು ಚಿಗುರಿತ್ತು, ಮುತ್ತಲ ಗಿಡವೆಲ್ಲ ಕೆಂಪು ಹೂ. ನವಿಲು ಕೂಗಿದರೆ ಸಾಕು, ನಿನ್ನ ಅಕ್ಕನ ಮಕ್ಕಳು ಊಟ ಬಿಟ್ಟು ಓಡುತ್ತಿದ್ದರು. ಶನಿವಾರ ಸಾಲೆಯ ಹುಡುಗರ ಹುತುತು ಆಟ ಆಯಿತು. ನಿನ್ನ ಭಾವ, ಹೊಟ್ಟೆ ಬಂದ ಮನುಷ್ಯ, ಹೆಂಡತಿಯ ಮುಂದೆ ದೌಲು ತೋರಿಸಲು ಗರಡಿಯ ಗುಂಡುಕಲ್ಲು ಎತ್ತಲು ಹೋಗಿ ಧೋತರ ಹರಿದುಕೊಂಡ. ನಿನ್ನ ಅವ್ವ ಎಷ್ಟೋ ತಿಂಗಳ ಮೇಲೆ ಬಾಯಿ ತುಂಬ ನಕ್ಕಳು. ಖಲಂದರ ಅದೇ ಗುಂಡನ್ನು ಎದೆಗೇರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆದು, ನೆಟ್ಟಗೆ ನಮ್ಮ ಅಡಿಗೆಮನೆಗೆ ಬಂದು ಕುಳಿತ. ಆರು ರೊಟ್ಟಿ ತಿಂದ. "ಕುಬೇರನ ಪಾಲೂ ನನಗ ಹಾಕವ್ವ, ನಾಳಿ ಅವನ ಕುಸ್ತಿ ನಾನ ಹಿಡಿಯಾಕತ್ತೇನಿ" ಎಂದ. ಅವಳು ಹಾಕಿದಳು, ಮೇಲೆ ಬೆಣ್ಣೆಯನ್ನೂ ಹಾಕಿದಳು. ಮರುದಿನ, ಸಂಜೆ ಕುಸ್ತಿಯಿದೆಯೆಂದು, ಅವನು ಬೆಳಗಿನಿಂದ ಬರಿಹೊಟ್ಟೆಯಲ್ಲೇ ಇದ್ದ. ಹೀಗಾಗಿ ಅವನು ತನ್ನ ಕೈಯಿಂದ ಉಂಡ ಕಡೆಯ ಊಟ ನಮ್ಮ ಮನೆಯದೇ ಆಯಿತು.

ಅವನು ನಿನ್ನ ಕುಸ್ತಿ ಹಿಡಿದನೆಂದು ನಿನ್ನನ್ನು ನೀನು ಬೈದುಕೊಳ್ಳಬೇಡ. ಜೋಡಿ ಕಟ್ಟಿದವನು ನಾನು. ಸವಣೂರಿನ ಎಲೆಬಳ್ಳಿ ತೋಟದ ಗುದ್ಲೆಪ್ಪನಿಗೂ ನಿನಗೂ ಕುಸ್ತಿಯೆಂದು ಸಂಕ್ರಾಂತಿಗೇ ಮಾತಾಗಿತ್ತು. ನಿನ್ನ ಹೆಸರಿನ ಹಸ್ತಪತ್ರಿಕೆ ಅಚ್ಚಾಗಿ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನವರೆಗೂ ಹಂಚಿದ್ದಾಗಿತ್ತು. ಕೊಲ್ಹಾಪುರದಲ್ಲಿ ನಿನಗೆ ಕುಸ್ತಿ ಕಲಿಸುವ ವಸ್ತಾದರು ರಜೆ ಕೊಡಲಿಲ್ಲವೆಂದು ನೀನು ಬರೆದ ದಿನವೇ ಕುಸ್ತಿ ನಿಲ್ಲಿಸಬಹುದಾಗಿತ್ತು. ಬಂಕಾಪುರದವರು ಅಂಜಿದರು ಎಂಬ ಮಾತು ಬಂದೀತೆಂದು ನಾನೇ ಅಂಜಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ದೊಡ್ಡ ಮಾತಾಡಿ ಖಲಂದರನನ್ನು ನಿಲ್ಲಿಸಿದೆ. ಗುದ್ಲೆಪ್ಪ ಅವನಿಗಿಂತ ಒಂದು ಗೇಣು ಎತ್ತರ, ತೂಕದಲ್ಲೂ ಮುಂದು. ಖಲಂದರನ ಅಪ್ಪ ಗೌಸಸಾಬ ಅರಳೆ ಹಿಂಜುವುದನ್ನು ಅರ್ಧಕ್ಕೆ ಬಿಟ್ಟು, ಮೀಸೆಯಲ್ಲಿ ಅರಳೆ ಸಿಕ್ಕಿಸಿಕೊಂಡೇ ಬಂದು, "ಜೋಡಿ ಸಮ ಐತೇನ್ರಿ ವಸ್ತಾದ್ರ?" ಎಂದು ಕೇಳಿದ. ಸಮ ಇದೆ ಎಂದೆ. ನಾನು ಹೇಳಿದ ಮೇಲೆ ಎರಡನೆಯ ಸಲ ಕೇಳುವ ಜನ ಅಲ್ಲ ಅವರು.

ಆದಿತ್ಯವಾರ ಬೆಳಗ್ಗೆ ಮೋಡ ಹಾಕಿ ಹನಿ ಉದುರಿತು, ಮಾವಿನ ಹೂ ಹಾಳುಮಾಡುವ ಅಕಾಲದ ಮಳೆ. ಕುಸ್ತಿ ಹಿಡಿಯುವ ಮಟ್ಟಿಯ ಕಣಕ್ಕೆ ಕೆಮ್ಮಣ್ಣು ಹಾಕಿ, ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಎಂಟು ದಿನ ಹದ ಮಾಡಿದ್ದೆವು. ಮೇಲಿನದೆಲ್ಲ ಹೆಪ್ಪುಗಟ್ಟಿತು. ಮತ್ತೆ ಸಲಿಕೆ ಹಾಕಿಸಿದೆ. ಮಣ್ಣು ಗಟ್ಟಿಯಿತ್ತು, ಅದಕ್ಕೇ ಹೀಗಾಯಿತು ಎಂದು ಈಗ ಕೆಲವರು ನನಗೆ ಸಮಾಧಾನ ಹೇಳುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಣ್ಣು ಮೆತ್ತಗೇ ಇತ್ತು, ಮೊಣಕೈವರೆಗೆ ಕೈಹಾಕಿ ನೋಡಿದ್ದೇನೆ.

ಸಂಜೆಯ ಹೊತ್ತಿಗೆ ಬಿಸಿಲು ಬಿತ್ತು, ಹಲಗಿ ಬಾರಿಸಲು ಸುರುಮಾಡಿದರು. ಹಿರೇಬೆಂಡಿಗೇರಿಯ ನಿಮ್ಮ ಗೆಳೆಯರ ಹಿಂಡೆಲ್ಲ ಮುಂದಿನ ಸಾಲಿನಲ್ಲಿತ್ತು. ಖಲಂದರ ನನ್ನ ಕಾಲು ಮುಟ್ಟಿ ಮಣ್ಣಿಗಿಳಿದ. ಹತ್ತು ನಿಮಿಷ ಎಷ್ಟು ಚಂದ ಆಡಿದನೆಂದರೆ, ನೀನು ನೋಡಬೇಕಾಗಿತ್ತು. ಅಷ್ಟು ದೊಡ್ಡ ಆಳನ್ನು ಎರಡು ಸಲ ಮೊಣಕಾಲಿಗೆ ತಂದ. ಆಮೇಲೆ ಗುದ್ಲೆಪ್ಪ ಅವನ ತೋಳನ್ನು ಹೆಗಲ ಮೇಲೆ ಎಳೆದುಕೊಂಡು ಧೋಬಿ ಪಟ್ಟು ಹಾಕಿದ. ಅಗಸ ಕಲ್ಲಿಗೆ ಬಟ್ಟೆ ಒಗೆದ ಹಾಗೆ ಎತ್ತಿ ಹಾಕುವ ಆ ಪಟ್ಟನ್ನು ನೀವೆಲ್ಲ ನೂರು ಸಲ ಹಾಕಿದ್ದೀರಿ. ಅದರಲ್ಲಿ ಮೋಸವೆಂಬುದಿಲ್ಲ. ಬೆನ್ನು ಕೊಟ್ಟು ಬಿದ್ದಿದ್ದರೆ ಸೋಲುತ್ತಿದ್ದ, ಮೈ ಜಾಡಿಸಿಕೊಂಡು ಏಳುತ್ತಿದ್ದ, ರಾತ್ರಿ ನಮ್ಮ ಮನೆಗೆ ಉಣ್ಣಲು ಬರುತ್ತಿದ್ದ. "ಜೀವ ಹೋದ್ರೂ ಬೆನ್ನು ಮಣ್ಣಿಗೆ ಕೊಡಬ್ಯಾಡ್ರಿ" ಎಂದು ನಿಮಗೆಲ್ಲ ಕಲಿಸಿದವನು ನಾನೇ ಅಲ್ಲವೇ? ಹುಡುಗ ಕಲಿತದ್ದನ್ನು ಮಾಡಿದ. ಮೇಲೆ ಇರುವಾಗಲೇ ಮೈ ಹೊರಳಿಸಿದ, ತಲೆ ಕೆಳಗಾಗಿ ಬಿದ್ದ. ಏಳಲಿಲ್ಲ.

ಗುದ್ಲೆಪ್ಪ ಗೆದ್ದೆನೆಂದು ಕೈ ಎತ್ತಲಿಲ್ಲ. ಖಲಂದರನ ಪಕ್ಕದಲ್ಲಿ ಮೊದಲು ಮಂಡಿಯೂರಿದವನೇ ಅವನು. ನನಗೆ ಏನೋ ಹೇಳಿದ. ನಮ್ಮ ಗರಡಿಯ ರೀತಿ ನಿನಗೆ ಗೊತ್ತಿದೆ. ಮಣ್ಣಿನಲ್ಲಿ ಬಿದ್ದವನ ಮೈಗೆ ಮೊದಲು ವಸ್ತಾದನ ಕೈ ಬೀಳಬೇಕು, ಮಿಕ್ಕವರದು ಆಮೇಲೆ. ಅವನನ್ನು ಸರಿಸಿ ನಾನು ಕುಳಿತೆ. ನೋಡುವುದನ್ನು ನೋಡಿದೆ, ಮಾಡುವುದನ್ನು ಮಾಡಿದೆ. ಆಮೇಲೆ ಗರಡಿಯ ಬಾಗಿಲು ಕಿತ್ತು, ಅದರ ಮೇಲೆ ಅವನನ್ನು ಮನೆಗೆ ಹೊತ್ತೊಯ್ದೆವು. ಕುತ್ತಿಗೆಯಿಂದ ಕೆಳಗೆ ಏನೂ ಆಡುವುದಿಲ್ಲ. ಮಂಗಳವಾರ ಹುಬ್ಬಳ್ಳಿಯಿಂದ ಡಾಕ್ಟರರು ಬಂದು ಅಂಗಾಲಿಗೆ ಸೂಜಿ ಚುಚ್ಚಿ ನೋಡಿದರು. ಕುತ್ತಿಗೆಯ ಎಲುಬು ಸರಿದು ಒಳಗಿನ ನರ ಹೋಗಿದೆ, ಇನ್ನು ತಿಂಗಳೋ ಎರಡು ತಿಂಗಳೋ ಎಂದರು. ಬೆರಳೊಂದೂ ಆಡದ ಮೈ, ಬಾಯಿ ಮಾತ್ರ ಮೊದಲಿನದೇ. ಡಾಕ್ಟರರ ಮುಂದೆಯೇ, "ಸೂಜಿ ಹಳೇದಿರಬೇಕ್ರಿ" ಎಂದ.

ದಿನಕ್ಕೆ ಎರಡು ಹೊತ್ತು ಅಲ್ಲಿಗೆ ಹೋಗುತ್ತೇನೆ. ತಾಯಿ ಚಮಚೆಯಿಂದ ಗಂಜಿ ಹಾಕುತ್ತಾಳೆ. ಗೌಸಸಾಬನೂ ನಾನೂ ಹಿಡಿದು ಮಗ್ಗಲು ಬದಲಿಸುತ್ತೇವೆ, ಆದರೂ ಬೆನ್ನಿಗೆ ಹುಣ್ಣಾಗಿದೆ. ಊರಿನ ಮದುವೆಗಳಿಗೆಲ್ಲ ಗಾದಿ ಹೊಲಿದುಕೊಟ್ಟ ಗೌಸಸಾಬ ಈಗ ಹೊಸ ಅರಳೆ ಹಿಂಜಿ ಮಗನಿಗೆ ಗಾದಿ ಮಾಡಿದ್ದಾನೆ. ಎರಡು ದಿನಕ್ಕೊಮ್ಮೆ ಅದನ್ನು ಬಿಚ್ಚಿ, ಮತ್ತೆ ಹಿಂಜಿ, ಮತ್ತೆ ಹೊಲಿಯುತ್ತಾನೆ. ಅರಳೆ ಹಿಂಜುವ ಬಿಲ್ಲಿನ ಆ ಸಪ್ಪಳ ನಮ್ಮ ಮನೆಯವರೆಗೂ ಕೇಳಿಸುತ್ತದೆ. ಆ ಮನೆಯಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತಾಡಿಲ್ಲ. ಹೋದ ಕೂಡಲೇ ಮಣೆ ಹಾಕುತ್ತಾರೆ, ಸಕ್ಕರೆ ಸಿಗದ ಈ ದಿನಗಳಲ್ಲಿ ಬೆಲ್ಲದ ಚಹಾ ಮಾಡಿ ಕೊಡುತ್ತಾರೆ. ಅರ್ಧ ಬಟ್ಟಲು ಬಿಟ್ಟು ಎದ್ದು ಬರುತ್ತೇನೆ ಕುಬೇರಾ. ನೋಡಲು ಬಂದವರಿಗೆಲ್ಲ ಖಲಂದರ ಒಂದೇ ಮಾತು ಹೇಳುತ್ತಾನೆ: "ಬಿದ್ದ ಕೂಡ್ಲೇ ಕೈಕಾಲು ಹೋದ್ವು, ವಸ್ತಾದ್ರು ಬರೂದ್ರಾಗ ಎಲ್ಲಾ ಮುಗಿದಿತ್ತು." ಅವನು ಯಾರ ಹೆಸರನ್ನೂ ಎತ್ತಿಲ್ಲ. ಆ ಮಾತು ಕೇಳಿ ಊರವರೇ ಗುದ್ಲೆಪ್ಪನ ಹೆಸರು ಹಚ್ಚಿದರು.

ಗುದ್ಲೆಪ್ಪ ಮೂರನೆಯ ದಿನ ಸವಣೂರಿನಿಂದ ನಡೆದುಕೊಂಡು ಬಂದಿದ್ದ, ಖಲಂದರನನ್ನು ನೋಡಿ ಹೋಗಲು. ನಮ್ಮ ಗರಡಿಯವರು ಊರ ಅಗಸಿ ಬಾಗಿಲಲ್ಲೇ ತಡೆದು ಕಲ್ಲು ಬೀರಿದರು. ಹಣೆ ಒಡೆಯಿತು. ಅಷ್ಟು ದೊಡ್ಡ ಪೈಲವಾನ ತಿರುಗಿ ಒಂದು ಕೈ ಎತ್ತದೆ, ತಂದಿದ್ದ ಬಾಳೆಹಣ್ಣಿನ ಗಂಟನ್ನು ಅಗಸಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ. ಈಗ ಸವಣೂರಿನ ಎಲೆ ಮಾರುವವರನ್ನೂ ಸಂತೆಗೆ ಬಿಡುತ್ತಿಲ್ಲ. ಅದರ ಮೇಲೆ ನಿನ್ನ ಕಾರ್ಡು ಬಂತು. ಅದನ್ನು ಅಗಸಿಯಲ್ಲಿ ನಿಂತು ಗಟ್ಟಿಯಾಗಿ ಓದಿದ್ದಾರೆ, ಯುಗಾದಿಯ ದಾರಿ ಕಾಯುತ್ತಿದ್ದಾರೆ. ಮೊನ್ನೆ ಹೋಳಿಹುಣ್ಣಿಮೆ, ನಮ್ಮ ಓಣಿಯಲ್ಲಿ ಹಲಗಿ ಸಪ್ಪಳವಿಲ್ಲ, ಕಾಮನನ್ನು ಸುಡಲೂ ಯಾರೂ ಮುಂದಾಗಲಿಲ್ಲ. ಗರಡಿಗೆ ನಾನು ಬೀಗ ಹಾಕಿದ್ದೇನೆ. ಇನ್ನು ತೆಗೆಯುವುದಿಲ್ಲ.

ಯುಗಾದಿಯವರೆಗೆ ಕಾಯಬೇಡ. ರಜೆ ಕೊಡದಿದ್ದರೆ ಬಿಟ್ಟು ಬಾ. ಹಾವೇರಿಯಲ್ಲಿ ಇಳಿದು ನೆಟ್ಟಗೆ ಗೌಸಸಾಬನ ಮನೆಗೇ ಹೋಗು, ಸವಣೂರಿನ ಹಾದಿ ತುಳಿಯಬೇಡ. "ಕುಬೇರ ಬಂದ ದಿನ ನನ್ನ ಎತ್ತಿ ಕುಂದ್ರಸ್ರಿ, ಮಲಕೊಂಡು ಅವನ ಮಾರಿ ನೋಡೂದಿಲ್ಲ" ಎಂದು ಖಲಂದರ ಹೇಳಿದ್ದಾನೆ. ಎತ್ತಿ ಕೂಡಿಸುವ ಹಾಗಿಲ್ಲ, ಆದರೂ ಬಾ. ನಿನ್ನ ಅವ್ವ ಹೊಸ ಜೋಳದ ಹಿಟ್ಟು ಬೀಸಿಟ್ಟಿದ್ದಾಳೆ. ಸರೋಜವ್ವ ತಿಳವಳ್ಳಿಗೆ ಹೋಗುವಾಗ, ತಮ್ಮನಿಗೆ ಸಿಟ್ಟು ನುಂಗಲು ಹೇಳು ಎಂದು ನನಗೆ ಹೇಳಿ ಹೋದಳು. ನಿಮ್ಮ ವಸ್ತಾದರಿಗೆ ನನ್ನ ಶರಣು ತಿಳಿಸು. ಶಿವ ನಿನ್ನ ಕೈಕಾಲು ಗಟ್ಟಿ ಇಡಲಿ.

ನಿನ್ನ ಅಪ್ಪ,
ಮಹಾಲಿಂಗಪ್ಪ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಟಪಾಲು ಹೊರಡುವ ಹೊತ್ತಾಗಿದೆ, ಚಂದ ಮಾಡಿ ಬರೆಯಲು ಆಗುವುದಿಲ್ಲ. ಗುದ್ಲೆಪ್ಪ ಅಂದು ನನಗೆ ಹೇಳಿದ್ದು ಇಷ್ಟು: "ಕುತ್ತಿಗಿ ಮುಟ್ಟಬ್ಯಾಡ್ರಿ ವಸ್ತಾದ್ರ, ಹೆಂಗ ಬಿದ್ದಾನೋ ಹಂಗ ಇರ್ಲಿ." ನನ್ನ ಮಟ್ಟಿಯಲ್ಲಿ ನನಗೇ ಕಲಿಸಲು ಬಂದೆಯಾ ಎಂದು ಅವನನ್ನು ನೂಕಿದೆ. ಉಳುಕು ಎಂದುಕೊಂಡು, ನಿಮಗೆಲ್ಲ ತೆಗೆಯುತ್ತಿದ್ದ ಹಾಗೆ, ಖಲಂದರನ ಗದ್ದ ಹಿಡಿದು ಕುತ್ತಿಗೆ ತಿರುವಿದೆ. ಲಟಕ್ ಎಂದಿತು. ಜನ ಶಾಬಾಸ್ ಎಂದರು. ಇದನ್ನು ಯಾರು ತಿರುವಿದರು ಎಂದು ಡಾಕ್ಟರರು ಕೇಳಿದಾಗ ಗೌಸಸಾಬ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ನಾನು ಬಾಯಿ ಬಿಡಲಿಲ್ಲ. ಖಲಂದರ ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ. ಈ ಹಾಳೆಯನ್ನು ತಂದು ಅಗಸಿಯಲ್ಲಿ ನಿಂತು ಎಲ್ಲರ ಮುಂದೆ ಓದು, ನನ್ನ ಬಾಯಿಂದ ಹೊರಡುತ್ತಿಲ್ಲ. ನಾನು ಕೈ ಹಾಕುವ ಮೊದಲು ಅವನ ಬಲಗಾಲಿನ ಹೆಬ್ಬೆರಳು ಮಣ್ಣು ಕೆದರುತ್ತಿತ್ತು. ನಾನು ನೋಡಿದ್ದೆ.