ಕಳ್ಳನಿಲ್ಲದ ಬುಟ್ಟಿ

ನನ್ನ ಅನುಮಾನದ ಅಪ್ಪನಿಗೆ,

ಭಾನುವಾರ ಬಂತೆಂದರೆ, ಮರುದಿನ ಹೊಂಗನೂರಿನಿಂದ ಚನ್ನಪಟ್ಟಣದ ಅಂಗಡಿಗೆ ಹೋಗಬೇಕಾದ ಬುಗುರಿಗಳ ಬುಟ್ಟಿಯನ್ನು ನೀನು ನನ್ನ ಮುಂದೆ ತಂದಿಡುತ್ತಿದ್ದೆ. ನೀನೇ ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪೇರಿಸಿದವು. ಬಿರುಕು ಬಿಟ್ಟವನ್ನು ಆರಿಸುವುದು ನನ್ನ ಕೆಲಸ. ನಾನು ಸರಿಯಾಗಿ ನೋಡುತ್ತೇನೋ ಇಲ್ಲವೋ ಎಂದು ನೀನೇ ಒಂದು ಬಿರುಕಿನ ಬುಗುರಿಯನ್ನು ಒಳಗೆ ಸೇರಿಸಿರುತ್ತಿದ್ದೆ. ಅದಕ್ಕೆ ಕಳ್ಳ ಎಂದು ಹೆಸರು. ಕಳ್ಳ ಸಿಗದಿದ್ದರೆ ಇಡೀ ಬುಟ್ಟಿ ಮತ್ತೆ ಮೊದಲಿಂದ. "ಹೆತ್ತ ಮಗಳ ಮೇಲೂ ಅನುಮಾನನಾ ನಿಂಗೆ?" ಎಂದು ಅವ್ವ ಬಯ್ದರೆ, "ಅವ್ಳ ಮ್ಯಾಲಲ್ಲ ಕಣೆ, ಅವ್ಳ ಕಣ್ಣಿನ ಮ್ಯಾಲೆ" ಎನ್ನುತ್ತಿದ್ದೆ. ಎಂಥ ಅಪ್ಪನಪ್ಪ ನೀನು.

ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೆಲಸ ಏನೆಂದು ಕೇಳಿದೆಯಲ್ಲ, ನೆನಪಿದೆಯಾ? ವಿಶ್ವ ಇನ್ನೂ ಎಳೆಯದಾಗಿದ್ದಾಗ ಹೊರಟ ಬೆಳಕು ಇವತ್ತಿಗೂ ಎಲ್ಲ ದಿಕ್ಕಿನಿಂದ ಬರುತ್ತಿದೆ, ಕಣ್ಣಿಗೆ ಕಾಣದಷ್ಟು ತಣ್ಣಗಾಗಿ. ಅದರಲ್ಲಿ ಆಗಿನ ಕಾಲದ ಸಣ್ಣ ಗುರುತುಗಳಿರಬಹುದು. ಅವನ್ನು ಹುಡುಕುವ ಪ್ರೋಗ್ರಾಮ್ ನನ್ನದು. ಅದನ್ನು ಪರೀಕ್ಷಿಸಲು ಮೊದಲು ಕಂಪ್ಯೂಟರಿನಲ್ಲಿ ಸುಳ್ಳು ಆಕಾಶಗಳನ್ನು ಮಾಡಿ, ಕೆಲವುಗಳಲ್ಲಿ ನಾವೇ ಗುರುತು ಬಚ್ಚಿಡುತ್ತೇವೆ ಎಂದು ಹೇಳಿದ್ದೆ. "ನಿಜವಾದ್ದು ತಲೆ ಮ್ಯಾಲೇ ಐತಲ್ಲ, ಸುಳ್ಳಾಕಾಸ ಯಾಕವ್ವ?" ಎಂದು ನೀನು ಕೇಳಿದೆ. ನಿನ್ನ ಕಳ್ಳನ ಹಾಗೆಯೇ ಎಂದು ನಾನು ಹೇಳಿದಾಗ ಕೆಮ್ಮು ಬರುವವರೆಗೆ ನೀನು ನಕ್ಕೆ. ಆ ನಗು ಇನ್ನೊಂದು ಸಲ ಕೇಳಿದ್ದರೆ...

ಹೋದ ವಾರ ಒಂದು ಎಡವಟ್ಟಾಯಿತು. ಗುರುತೇ ಇಡದ ಒಂದು ಸುಳ್ಳು ಆಕಾಶದಲ್ಲೂ ನನ್ನ ಪ್ರೋಗ್ರಾಮ್ ಗುರುತು ಸಿಕ್ಕಿತು ಎಂದಿತು. ನಕ್ಷತ್ರಗಳ ನಡುವಿನ ಧೂಳನ್ನೇ ಗುರುತೆಂದು ತಿಳಿದಿತ್ತು. ಪ್ರೋಗ್ರಾಮನ್ನು ನಿಜವಾದ ಆಕಾಶದ ಮೇಲೆ ಓಡಿಸಲು ತಂಡದವರೆಲ್ಲ ತಿಂಗಳುಗಳಿಂದ ಕಾದಿದ್ದರು. ಆ ಒಂದು ಆಕಾಶವನ್ನು ನಾನು ಪರೀಕ್ಷೆಯ ಪಟ್ಟಿಯಿಂದ ತೆಗೆದುಬಿಟ್ಟೆ, ಅಪ್ಪ. ಯಾರೂ ಕೇಳಲಿಲ್ಲ. ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ನೀನು ಹೋದ ಮೇಲೆ ಮೊದಲ ಸಲ, ನಿನ್ನೆ ನಿನ್ನ ಉಳಿಪೆಟ್ಟಿಗೆ ತೆಗೆದೆ. ತಳದಲ್ಲಿ ಬಟ್ಟೆ ಸುತ್ತಿಟ್ಟ ಒಂದು ಕೆಂಪು ಬುಗುರಿ. ನೋಡಿದ ಕೂಡಲೇ ಗೊತ್ತಾಯಿತು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಬುಟ್ಟಿಯನ್ನು ಮೂರು ಸಲ ಹುಡುಕಿದರೂ ಕಳ್ಳ ಸಿಕ್ಕಿರಲಿಲ್ಲ. ಒಂದು ಕಡೆ ಹಸಿವು, ಇನ್ನೊಂದು ಕಡೆ ಅಳು. ಕೊನೆಗೆ ನಾನೇ ಕೈವಾರದ ಮೊನೆಯಿಂದ ಇದರ ಮೇಲೆ ಬಿರುಕಿನಂತೆ ಗೀರಿ, ಸಿಕ್ಕಿತೆಂದು ತಂದುಕೊಟ್ಟಿದ್ದೆ. ನೀನು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ನನ್ನ ಮುಖ ನೋಡಿದೆ. "ಸಿಕ್ತಾ? ಸರಿ ಬುಡು, ಉಣ್ಣೋಗು" ಎಂದೆ.

ಆವತ್ತು ನೀನು ಕಳ್ಳನನ್ನೇ ಇಟ್ಟಿರಲಿಲ್ಲ, ಅಲ್ಲವಾ? ನಾನು ಗೀರಿದ್ದು ಗೊತ್ತಿದ್ದೂ ಇಷ್ಟು ವರ್ಷ ಒಂದು ಮಾತು ಆಡಲಿಲ್ಲವಲ್ಲ. ನಾನೇ ಬಂದು ಹೇಳಲಿ ಎಂದು ಕಾದಿದ್ದೆಯಾ? ಒಂದೇ ಒಂದು ಸಲ ಬೈದುಬಿಟ್ಟಿದ್ದರೆ...

ಇವತ್ತು ಬೆಳಿಗ್ಗೆ ಮೀಟಿಂಗಿನಲ್ಲಿ ಆ ಆಕಾಶವನ್ನು ಪಟ್ಟಿಗೆ ವಾಪಸ್ಸು ಸೇರಿಸಿದೆ. ಇದರಲ್ಲಿ ಏನೂ ಇಲ್ಲ, ಇದೆ ಎಂದು ತೋರಿಸಿದ್ದು ನನ್ನ ತಪ್ಪು, ಮುಚ್ಚಿಟ್ಟವಳೂ ನಾನೇ ಎಂದೆ. ಕೆಲವರ ಮುಖ ಸಪ್ಪಗಾಯಿತು. ಈ ಕೆಲಸ ನನ್ನ ಕೈಯಲ್ಲೇ ಉಳಿಯುತ್ತದೋ ಇಲ್ಲವೋ ಇನ್ನೂ ತಿಳಿಯದು. ಬುಗುರಿ ನನ್ನ ಮೇಜಿನ ಮೇಲಿದೆ. ಅದನ್ನು ಗೀರಿದ್ದು ನಾನು, ಅಪ್ಪ.

ಹೇಳಿಬಿಟ್ಟೆ. ಇನ್ನು ಉಣ್ಣಲು ಹೋಗುತ್ತೇನೆ.