ಜೊತೆಯವಳ ಜಾಗ

ಪ್ರೀತಿಯ ಬ್ರಿನ್,

ನಿನ್ನ ಸಂದೇಶ ಮಂಗಳವಾರ ಬಂತು. ಕಾಲೇಜಿನ ಊಟದ ಮನೆಯಲ್ಲಿ ತಟ್ಟೆ ಒರೆಸುವ ಕೆಲಸದಲ್ಲಿದ್ದೆ, ಜೇಬಿನಲ್ಲಿ ಫೋನು ಗುಂಯ್ ಅಂದಿತು. "ಲೇ ಮಾರ್ಲಿ, ನಾನು ಈ ಕಾಲೇಜು ಬಿಡ್ತಿದೀನಿ ಕಣೇ. ಇನ್ನೊಂದು ಕಡೆಯವ್ರು ಕರೀತಿದಾರೆ. ಈ ಸಲ ಷರತ್ತು ನಂದು. ನಿಂಗೂ ಟೀಮಲ್ಲಿ ಜಾಗ ಕೊಟ್ರೇನೇ ಬರ್ತೀನಿ ಅಂತ ಹೇಳ್ತೀನಿ. ಬರ್ತೀಯ ತಾನೆ? ಭಾನುವಾರದೊಳಗೆ ಹೇಳು." ಓದಿದವಳು ಒರೆಸಿದ ತಟ್ಟೆಯನ್ನೇ ಒರೆಸುತ್ತಾ ನಿಂತಿದ್ದೆನಂತೆ. ಪಕ್ಕದವಳು "ಸವೆದು ತೂತಾಗುತ್ತೆ, ಬಿಡೇ" ಎಂದಾಗಲೇ ಎಚ್ಚರ.

ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ್ದರೆ ನಿನಗೆ ಸಾಕಾಗುತ್ತಿತ್ತು. ನೀನು ದಕ್ಷಿಣಕ್ಕೆ ಹೋದಾಗಿನಿಂದ ನಮ್ಮ ಮಾತೆಲ್ಲ ಅದೇ ತಾನೆ, ಹೆಬ್ಬೆರಳು, ಹೃದಯ, ನಗುವ ಮುಖ. ಅಳು ಬಂದ ದಿನವೂ ನಿನಗೆ ನಗುವ ಮುಖವನ್ನೇ ಕಳಿಸಿದ್ದೇನೆ. ಈ ಉತ್ತರ ಅಷ್ಟರಲ್ಲಿ ಮುಗಿಯುವುದಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನನ್ನ ಅಕ್ಷರ ಕೋಳಿಕಾಲು ಎಂದು ನಿನಗೆ ಗೊತ್ತು. ಸಹಿಸಿಕೊಂಡು ಓದು.

ನಿನ್ನನ್ನು ನಾನು ಪ್ರತಿ ಶುಕ್ರವಾರ ನೋಡುತ್ತೇನೆ. ಇಲ್ಲಿಂದ ನಮ್ಮೂರಿಗೆ ಹೋಗುವ ಹೆದ್ದಾರಿಯಲ್ಲಿ, ಧಾನ್ಯದ ಗೋಪುರಗಳು ಕಾಣಿಸುವುದಕ್ಕೆ ಸ್ವಲ್ಪ ಮೊದಲು, ಜೋಳದ ಬೀಜದ ಕಂಪನಿಯವರು ನಿನ್ನನ್ನು ದೊಡ್ಡ ಜಾಹೀರಾತು ಹಲಗೆಯ ಮೇಲೆ ನಿಲ್ಲಿಸಿದ್ದಾರೆ. ಒಂದು ಕೈಯಲ್ಲಿ ತೆನೆ, ಇನ್ನೊಂದರಲ್ಲಿ ಚೆಂಡು. ಫೋಟೋ ತೆಗೆದ ಪುಣ್ಯಾತ್ಮನಿಗೆ ಸಾಫ್ಟ್‌ಬಾಲ್ ಎಂದರೇನೆಂದೇ ಗೊತ್ತಿಲ್ಲ, ನಿನ್ನ ಕೈಯಲ್ಲಿ ಚೆಂಡನ್ನು ಸೇಬು ಹಿಡಿದ ಹಾಗೆ ಹಿಡಿಸಿದ್ದಾನೆ. ಹಾಗೆ ಹಿಡಿದರೆ ಚೆಂಡು ನನ್ನ ಕೈಗವಸಿನ ತನಕ ಇರಲಿ, ನಿಮ್ಮಜ್ಜಿ ಬಾಬಿಯ ಟೊಮೆಟೊ ಪಾತಿಗೂ ಮುಟ್ಟುವುದಿಲ್ಲ. ಮೊದಮೊದಲು ನೋಡಿ ನಗುತ್ತಿದ್ದೆ. ಈಗ ಆ ತಿರುವು ಬಂದರೆ ರೇಡಿಯೋ ಸದ್ದು ಹೆಚ್ಚು ಮಾಡುತ್ತೇನೆ.

ನಿನಗೆ ನೆನಪಿದೆಯೋ ಇಲ್ಲವೋ, ನಮ್ಮದೆಲ್ಲ ಶುರುವಾಗಿದ್ದು ಒಂದು ಬಕೆಟ್ಟಿನಿಂದ. ನಮ್ಮ ಕಡೆ ಚೆಂಡು ಎಸೆಯುವ ಹುಡುಗಿಯರ ಅಪ್ಪಂದಿರೆಲ್ಲ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಮಗಳ ಎಸೆತ ಹಿಡಿಯುತ್ತಾರೆ. ಮಗಳು ಬೆಳೆದಂತೆ ಅಪ್ಪನ ಮೊಣಕಾಲಿನ ಚಿಪ್ಪಿನ ಮೇಲೆ ನೀಲಿ ಗುರುತುಗಳು ಬೆಳೆಯುತ್ತವೆ. ನಿಮ್ಮಪ್ಪ ನಿಮ್ಮನ್ನು ಬಿಟ್ಟು ವ್ಯೋಮಿಂಗ್ ಕಡೆ ಹೋದ ಬೇಸಿಗೆ, ಬಕೆಟ್ಟು ಖಾಲಿ ಬಿದ್ದಿತ್ತು. ನೀನು ಗ್ಯಾರೇಜಿನ ಬಾಗಿಲಿಗೆ ಎಸೆಯುತ್ತಿದ್ದೆ. ಧಡ್, ಧಡ್ ಎಂದು ಬೀದಿಗೆಲ್ಲ ಕೇಳಿಸುತ್ತಿತ್ತು. ನಿನ್ನ ಅಜ್ಜಿ, ನಮ್ಮೆಲ್ಲರ ಬಾಬಿ, ಬೇಲಿಯಾಚೆ ಇದ್ದ ನನ್ನನ್ನು ನೋಡಿ, "ಏ ಹುಡುಗಿ, ಸುಮ್ನೆ ಬಾಯಿ ಬಿಟ್ಕೊಂಡು ನಿಂತಿದೀಯಲ್ಲ, ಹೋಗಿ ಆ ಬಕೆಟ್ ಮೇಲೆ ಕೂತ್ಕೊ. ನನ್ನ ಬಾಗಿಲಾದ್ರೂ ಉಳೀಲಿ" ಎಂದಳು. ಕೂತೆ. ಹೈಸ್ಕೂಲು ಮುಗಿಯುವ ತನಕ ಏಳಲಿಲ್ಲ.

ನಾನು ಒಳ್ಳೆಯ ಕ್ಯಾಚರ್ ಏನಲ್ಲ ಎಂದು ನನಗೆ ಗೊತ್ತಿತ್ತು. ಬ್ಯಾಟು ಹಿಡಿದರೆ ನಮ್ಮ ತಂಡದವರೇ ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ನನಗೆ ಬರುತ್ತಿದ್ದುದು ಒಂದೇ ವಿದ್ಯೆ, ನೀನು. ಯಾವ ದಿನ ನಿನ್ನ ಭುಜ ಹಿಡಿದುಕೊಂಡಿದೆ, ಯಾವ ದಿನ ನಿಮ್ಮಮ್ಮನ ಜೊತೆ ಜಗಳವಾಡಿ ಬಂದಿದ್ದೀಯ, ಎಲ್ಲ ಚೆಂಡು ಕೈಗವಸಿಗೆ ಬಿದ್ದ ಸದ್ದಿನಲ್ಲೇ ತಿಳಿಯುತ್ತಿತ್ತು. ತೊಡೆಗಳ ನಡುವೆ ಬೆರಳು ತೋರಿಸಿ, ಇಂಥ ಎಸೆತ ಹಾಕು ಎನ್ನುತ್ತಿದ್ದೆ. ಬೇರೆ ತಂಡಗಳಲ್ಲಿ ಎಸೆಯುವ ಹುಡುಗಿಯರು ಕ್ಯಾಚರ್ ಕೇಳಿದ್ದು ಒಪ್ಪಿಗೆಯಾಗದಿದ್ದರೆ ತಲೆ ಅಲ್ಲಾಡಿಸುತ್ತಾರೆ, ಆಗ ಕ್ಯಾಚರ್ ಬೇರೆ ಬೆರಳು ತೋರಿಸಬೇಕು. ನೀನು ಒಂದು ದಿನವೂ ತಲೆ ಅಲ್ಲಾಡಿಸಿದವಳಲ್ಲ. "ನೀನೇ ಯೋಚ್ನೆ ಮಾಡು ಮಾರಾಯ್ತಿ, ನಂಗೆ ಎಸೆಯೋದೇ ಸಾಕಾಗಿದೆ" ಎನ್ನುತ್ತಿದ್ದೆ. ಅದು ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ ಬೇರೆ ಯಾವ ಬಹುಮಾನವೂ ಬೇಕಾಗಿರಲಿಲ್ಲ.

ಕೋಚ್ ವಾಂಡಾ ನಿನ್ನನ್ನು ತನ್ನ ತಂಡಕ್ಕೆ ಕರೆಯಲು ನಿಮ್ಮ ಅಡುಗೆಮನೆಗೆ ಬಂದ ಸಂಜೆ ನಿನಗೆ ಖಂಡಿತ ನೆನಪಿರುತ್ತದೆ. ನಮ್ಮದೇ ರಾಜ್ಯದ ವಿಶ್ವವಿದ್ಯಾಲಯದವಳು, ಗಂಡಸಿನಂಥ ಕೈ, ದೊಡ್ಡ ನಗು. ಬಾಬಿ ಮಾಂಸ, ಕಾಳು ಹಾಕಿ ಕುದಿಸಿದ ಖಾರದ ಚಿಲ್ಲಿ ಸಾರು ಮತ್ತು ಚಕ್ಕೆ ಪುಡಿ ಹಾಕಿದ ಸಿಹಿ ಬ್ರೆಡ್ಡಿನ ಸುರುಳಿ ಮಾಡಿದ್ದಳು. ವಾಂಡಾ ನಮ್ಮವರ ಹಾಗೇ ಸುರುಳಿಯನ್ನು ಮುರಿದು ಚಿಲ್ಲಿಯಲ್ಲಿ ಅದ್ದಿ ತಿಂದಳು. ಅಲ್ಲಿಗೆ ಅರ್ಧ ಗೆದ್ದಳು. ಬಾಬಿ ಸೌಟು ಹಿಡಿದುಕೊಂಡೇ ವ್ಯಾಪಾರಕ್ಕೆ ನಿಂತಳು: "ನೋಡಮ್ಮ, ನಮ್ಮಪ್ಪ ಜೋಡಿ ಕುದುರೆ ಮಾರುವಾಗ ಒಂದನ್ನ ಬಿಡಿಸಿ ಕೊಟ್ಟೋನಲ್ಲ. ಬ್ರಿನ್ ಬೇಕಾದ್ರೆ ಮಾರ್ಲಿನೂ ಕರ್ಕೊಂಡು ಹೋಗು." ಕುದುರೆ ಎನಿಸಿಕೊಂಡ ನಾನು ನಾಚಿಕೆಯಿಂದ ತಟ್ಟೆಯೊಳಗೆ ಮುಖ ಹುದುಗಿಸಿದೆ. ವಾಂಡಾ ನಕ್ಕು, "ಆಯ್ತಮ್ಮ, ಇಬ್ರೂ ಬರ್ಲಿ. ಇಬ್ರಿಗೂ ಓದು ಬಿಟ್ಟಿ" ಎಂದು ನನ್ನ ಬೆನ್ನು ತಟ್ಟಿದಳು. ಆ ರಾತ್ರಿ ನಮ್ಮಮ್ಮ ಊರಿಗೆಲ್ಲ ಫೋನು ಮಾಡಿದಳು. ನಮ್ಮ ಮನೆಯಿಂದ ದೊಡ್ಡ ಕಾಲೇಜಿಗೆ ಹೋಗುವ ಮೊದಲನೆಯವಳು ನಾನಾಗುತ್ತಿದ್ದೆ.

ಆಟಗಾರರು ಜಾಹೀರಾತಿನಲ್ಲಿ ದುಡಿಯಬಹುದು ಎಂಬ ಹೊಸ ನಿಯಮ ಆಗಲೇ ಬಂದಿತ್ತು. ಆದರೆ ಅದು ಟಿವಿಯಲ್ಲಿ ಕಾಣುವ ಫುಟ್‌ಬಾಲ್ ಹುಡುಗರ ಸಮಾಚಾರ ಎಂದುಕೊಂಡಿದ್ದೆವು. ಬೀಜದ ಕಂಪನಿಯವರಿಗೆ, ಟ್ರಕ್ ಮಾರುವವರಿಗೆ, ಸಾಫ್ಟ್‌ಬಾಲ್ ಎಸೆಯುವ, ಜೆಕ್ ವಲಸಿಗರ ಮನೆಯ ಹುಡುಗಿಯ ಮುಖದಿಂದ ಏನಾಗಬೇಕು? ಒಂದು ವರ್ಷದಲ್ಲಿ ಎಲ್ಲ ಬದಲಾಯಿತು. ರಾಜ್ಯದ ಫೈನಲಿನಲ್ಲಿ ನೀನು ಎಸೆದ ವಿಡಿಯೋ ಎಲ್ಲೆಲ್ಲೋ ಸುತ್ತಿತು. ನಂತರದ ಶರತ್ಕಾಲದಲ್ಲಿ, ಬಾಯಿಮಾತು ವಾಂಡಾಳಿಗೆ ಕೊಟ್ಟಾಗಿದ್ದರೂ, ದಕ್ಷಿಣದಿಂದ ಕೋಚ್ ಸ್ಟ್ರಿಕ್‌ಲ್ಯಾಂಡ್ ಬಂದಳು.

ಅದೇ ಅಡುಗೆಮನೆ, ಅದೇ ಚಿಲ್ಲಿ. ನಿಮ್ಮಮ್ಮ ವೃದ್ಧಾಶ್ರಮದ ರಾತ್ರಿ ಪಾಳಿಗೆ ಹೊರಡುವ ಉಡುಪಿನಲ್ಲೇ ಮೇಜಿಗೆ ಕೂತಿದ್ದಳು. ಬಾಬಿಗೆ ಸೊಂಟ ನೋವಿದ್ದುದರಿಂದ ನಾನು ಬಡಿಸುತ್ತಿದ್ದೆ. ಸ್ಟ್ರಿಕ್‌ಲ್ಯಾಂಡ್ ಸುರುಳಿಯನ್ನು ಪಕ್ಕಕ್ಕೆ ಸರಿಸಿ, "ಸಿಹಿ ಆಮೇಲೆ ತಿಂತೀನಿ" ಎಂದಾಗ ಬಾಬಿಯ ಮುಖ ನೋಡಬೇಕಿತ್ತು. ಸ್ಟ್ರಿಕ್‌ಲ್ಯಾಂಡ್ ನನ್ನನ್ನು ನಿನ್ನ ತಂಗಿ ಎಂದುಕೊಂಡಿದ್ದಳು. "ನಿಮ್ಮ ಚಿಕ್ಕ ಮಗಳು ಬಹಳ ಸೊಗಸಾಗಿ ಬಡಿಸ್ತಾಳೆ" ಎಂದು ನಿಮ್ಮಮ್ಮನಿಗೆ ಹೇಳಿದಳು. ಯಾರೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ, ಏಕೆಂದರೆ ಅಷ್ಟರಲ್ಲಿ ನೀನು ಕೇಳಿಬಿಟ್ಟಿದ್ದೆ: "ನಮ್ ಕ್ಯಾಚರ್‌ಗೂ ಜಾಗ ಇರುತ್ತಾ?" ಅವಳು ಬಹಳ ಮೃದುವಾಗಿ, ಮಗುವಿಗೆ ಲೆಕ್ಕ ಹೇಳಿಕೊಡುವಂತೆ ಹೇಳಿದಳು: "ನೋಡು ಚಿನ್ನ, ಗೆಳತೀನ ಜೊತೇಲಿ ತರೋದು ಹಳೇ ಕಾಲದ್ದು. ಆಗ ನಮ್ ಹತ್ರ ಕೊಡೋದಕ್ಕೆ ಬೇರೇನೂ ಇರ್ತಿರಲಿಲ್ಲ. ಕ್ಯಾಚರ್‌ನ ನಾವು ಬೇರೆ ಕಾಲೇಜಿಂದ ತರ್ತಿದೀವಿ, ದೇಶಕ್ಕೇ ಒಳ್ಳೇವ್ಳು. ನಿನ್ ಗೆಳತಿ ಜಾಗದ ಬೆಲೆ ನಿನ್ ಕೈಗೇ ಸಿಗೋ ಹಾಗೆ ಕಂಪನಿಗಳನ್ನ ನಾವು ಮಾತಾಡಿಸಿಕೊಡ್ತೀವಿ. ನಿಮ್ಮಮ್ಮ ರಾತ್ರಿ ಕೆಲಸ ಬಿಡಬಹುದು."

ನಾನು ಅವಳ ಲೋಟಕ್ಕೆ ನೀರು ಹಾಕುತ್ತಿದ್ದೆ. ಚೆಲ್ಲಲಿಲ್ಲ, ಅದೊಂದು ದೊಡ್ಡ ವಿಷಯ. ನಿಮ್ಮಮ್ಮ ತನ್ನ ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ನೀನು ನನ್ನ ಕಡೆ ನೋಡಲಿಲ್ಲ. ಸ್ಟ್ರಿಕ್‌ಲ್ಯಾಂಡಳನ್ನು ದೂರಿ ಏನು ಪ್ರಯೋಜನ ಬ್ರಿನ್? ಅವಳು ಸುಳ್ಳು ಹೇಳಲಿಲ್ಲ. ನಿಮ್ಮಮ್ಮನ ಕಾಲಿನ ಊತ ನಾನೂ ನೋಡಿದವಳೇ.

ಮರುದಿನ ನೀನು ಬಕೆಟ್ಟು ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬಂದೆ. ಎರಡು ಚೆಂಡು ಎಸೆದೆ, ಎರಡೂ ಸತ್ತ ಎಸೆತ. ಮೂರನೆಯದನ್ನು ಕೈಯಲ್ಲೇ ಇಟ್ಟುಕೊಂಡು ಕೇಳಿದೆ: "ಮಾರ್ಲಿ, ನೀನು ಹೋಗ್ಬೇಡ ಅಂದ್ರೆ ನಾನ್ ಹೋಗಲ್ಲ. ಆಣೆ. ಹೇಳು, ಏನ್ ಮಾಡ್ಲಿ?" ನಾನು ಕ್ಯಾಚರ್ ಹಾಕುವ ತಂತಿಯ ಮುಖವಾಡ ತೆಗೆಯದೆ ಹೇಳಿದೆ: "ಹೋಗೇ, ಹುಚ್ಚೀ. ಯಾರಾದ್ರೂ ಬಿಡ್ತಾರಾ ಇದನ್ನ?"

ಇಲ್ಲಿ ನಿನಗೆ ಗೊತ್ತಿಲ್ಲದ ಒಂದು ಮಾತಿದೆ. ಅದನ್ನು ಹೇಳಲೆಂದೇ ಇಷ್ಟು ಕಾಗದ ಹಾಳುಮಾಡಿದೆ. ನಾನು ಹೋಗು ಎಂದದ್ದು ನೀನು ಹೋಗಲಿ ಎಂದಲ್ಲ. ಒಂದು ಸಲ, ಆ ಒಂದೇ ಒಂದು ಸಲ, ನೀನು ತಲೆ ಅಲ್ಲಾಡಿಸುತ್ತೀಯ ಎಂದು ಕಾದೆ. ಚೆಂಡು ಕೆಳಗಿಟ್ಟು "ಇಲ್ಲ, ಇದು ಬೇಡ, ಬೇರೆ ಹೇಳು" ಎನ್ನುತ್ತೀಯ ಎಂದು ಕಾದೆ. ಅಂದಿದ್ದರೂ ನಾನು ಮತ್ತೆ ನಿನ್ನನ್ನು ಕಳಿಸುತ್ತಿದ್ದೆನೇನೋ. ಆದರೆ ನೀನು ಅನ್ನಲಿಲ್ಲ. ನಿನಗೆ ಅಭ್ಯಾಸ, ನಾನು ಕೇಳಿದ್ದನ್ನು ಎಸೆದೆ. ಕಣ್ಣು ಒರೆಸಿಕೊಂಡು, ನಕ್ಕು, "ನೀನು ಹೇಳಿದ ಮೇಲೆ ಸರಿ" ಎಂದು ಹೊರಟುಹೋದೆ. ಬಕೆಟ್ಟು ನಮ್ಮ ಹಿತ್ತಲಲ್ಲೇ ಉಳಿಯಿತು. ನಮ್ಮಮ್ಮ ಅದರಲ್ಲಿ ಆಲೂಗಡ್ಡೆ ತುಂಬಿದಳು.

ವಾಂಡಾ ಆಮೇಲೆ ನನಗೆ ಫೋನು ಮಾಡಿದ್ದಳು, ಇದನ್ನೂ ನಿನಗೆ ಹೇಳಿರಲಿಲ್ಲ. ಬೇರೆ ಕಾಲೇಜು ನನಗೇ ಇಷ್ಟವಾಯಿತು ಎಂದು ನಿನಗೆ ಸುಳ್ಳು ಹೇಳಿದೆ. ಪಾಪ, ಅವಳು ಬೈಯಲಿಲ್ಲ. "ಮಗಳೇ, ನಿನ್ ಜಾಗ ಬ್ರಿನ್ ಜೊತೆ ಕಟ್ಟಿದ ಜಾಗ. ಅವಳಿಲ್ಲ ಅಂದ್ಮೇಲೆ ನಾನು ಚೆಂಡು ಎಸೆಯೋಕೆ ಬೇರೆ ಪಿಚರ್ ಹುಡುಕ್ಬೇಕು. ಮೊದಲೆಲ್ಲ ಗೆಳತಿಗೊಂದು ಜಾಗ, ತಂಗಿಗೊಂದು ಜಾಗ ಅಂತ ಕೊಟ್ಟು ಕರ್ಕೊಂಡು ಬರ್ತಿದ್ದೆ. ಈಗ ಅದು ಯಾರಿಗೆ ಬೇಕು? ಮನೆಗೆ ಹೋದ್ರೆ ಊಟಕ್ಕೂ ಮೊದಲು ಯಾವ ಕಂಪನಿ ಅಂತ ಕೇಳ್ತಾರೆ" ಎಂದಳು. ಆಕೆಯ ದನಿ ನನ್ನದಕ್ಕಿಂತ ಒಂಟಿಯಾಗಿತ್ತು. ನಾನೇ ಅವಳಿಗೆ ಸಮಾಧಾನ ಹೇಳಿ ಫೋನಿಟ್ಟೆ. ಈ ಚಿಕ್ಕ ಕಾಲೇಜಿಗೆ ಯಾರೂ ಕರೆಯದೆ ನಾನೇ ಬಂದು ಸೇರಿದವಳು.

ಇಲ್ಲಿ ಒಂಟಿತನ ಹೇಗಿದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬಯಲಿನ ಗಾಳಿ ಇಡೀ ದಿನ ಬೀಸುತ್ತದೆ. ಪಂದ್ಯ ನೋಡಲು ಆಟಗಾರರ ಅಮ್ಮಂದಿರು ಬರುತ್ತಾರೆ, ಕಂಬಳಿ ಹೊದ್ದುಕೊಂಡು ಕೂತಿರುತ್ತಾರೆ. ಈ ವರ್ಷ ನನಗೊಬ್ಬಳು ಹೊಸ ಪಿಚರ್ ಸಿಕ್ಕಿದ್ದಾಳೆ, ಇತ್ಸೆಲ್ ಎಂದು, ಮಾಂಸದ ಕಾರ್ಖಾನೆಯ ಊರಿನವಳು. ವೇಗ ಇದೆ, ಗುರಿ ಇಲ್ಲ. ನಾನು ಏನು ಕೇಳಿದರೂ ತಲೆ ಅಲ್ಲಾಡಿಸುತ್ತಾಳೆ. ಮೊನ್ನೆ ಸಿಟ್ಟು ಬಂದು ಹತ್ತಿರ ಹೋಗಿ, "ನಿಂಗೆ ಏನ್ ಬೇಕೇ ಮಹಾರಾಣಿ?" ಎಂದರೆ, "ನಂಗೂ ಗೊತ್ತಿಲ್ಲ ಅಕ್ಕ, ನೀನು ಇನ್ನೊಂದ್ಸಲ ಕೇಳ್ತೀಯಲ್ಲ, ಅದು ಚೆನ್ನಾಗಿರುತ್ತೆ" ಎಂದಳು. ಮುಖವಾಡದೊಳಗೆ ಅತ್ತೆ. ಮುಖವಾಡದ ಒಂದು ಅನುಕೂಲ ಅದು.

ನಿನ್ನ ಸಂದೇಶ ಓದಿ ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ನಾಚಿಕೆ. ಆ ಸಂಜೆಯೇ ಮಂಚದ ಕೆಳಗಿನ ಸೂಟ್‌ಕೇಸು ಎಳೆದು ಧೂಳು ಹೊಡೆದೆ. ಬುಧವಾರ ಅದನ್ನು ವಾಪಸು ತಳ್ಳಿದೆ. ಗುರುವಾರ ಮತ್ತೆ ಎಳೆದೆ. ಕೋಣೆಯಲ್ಲಿ ಜೊತೆಗಿರುವ ಹುಡುಗಿಯರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೆ.

ನಾನು ಬರುವುದಿಲ್ಲ, ಬ್ರಿನ್. ಕೋಪದಿಂದಲ್ಲ, ಸ್ವಾಭಿಮಾನದ ಭಾಷಣವೂ ಅಲ್ಲ. ಅಲ್ಲಿ ಅವರು ನನ್ನನ್ನು ನಿನ್ನ ಷರತ್ತಿಗಾಗಿ ಸೇರಿಸಿಕೊಳ್ಳುತ್ತಾರೆ, ಬೆಂಚಿನ ತುದಿಯಲ್ಲಿ ಕೂರಿಸುತ್ತಾರೆ. ನಿನ್ನ ಎಸೆತ ಹಿಡಿಯುವವಳು ಬೇರೆ ಇರುತ್ತಾಳೆ. ನೀನು ಎಸೆಯುವುದನ್ನು ಹತ್ತು ಮಾರು ದೂರದಿಂದ ನೋಡುತ್ತಾ ಕೂರುವುದಕ್ಕಿಂತ ಸಾವಿರ ಮೈಲಿ ದೂರದಲ್ಲಿರುವುದು ನನಗೆ ಸುಲಭ. ನನ್ನ ಹೆಸರು ಹೇಳಿ ನಿನ್ನ ಮಾತಿನ ತೂಕ ಕಳೆಯಬೇಡ. ಬೇಕಾದ್ದನ್ನು ಕೇಳು, ನಿಮ್ಮಮ್ಮನಿಗೆ ಹಗಲಲ್ಲಿ ಎಚ್ಚರವಾಗಿದ್ದು, ರಾತ್ರಿಯಲ್ಲಿ ಮಲಗಲು ಸಾಧ್ಯವಾಗುವಷ್ಟನ್ನು ಕೇಳು.

ನಿನ್ನ ಭುಜ ಗಟ್ಟಿಯಾಗಿರಲಿ, ಹೋದ ಕಡೆ ಅನ್ನ ರುಚಿಸಲಿ, ಕಣ್ತುಂಬ ನಿದ್ದೆ ಬರಲಿ. ನಿನ್ನ ಎದುರು ಕುಕ್ಕರುಗಾಲಲ್ಲಿ ಕೂರುವವಳು ಒಳ್ಳೆಯವಳಾಗಿರಲಿ. ನನ್ನಷ್ಟು ಒಳ್ಳೆಯವಳು ಮಾತ್ರ ಆಗದಿರಲಿ.

ಯಾವತ್ತೂ ನಿನ್ನವಳೇ,
ಮಾರ್ಲಿ